ಕಥೆಗಳು ಕೂಡುವ ಕಣ

ಒಂದು ಕಥೆಯ ವೀರನು ಇನ್ನೊಂದು ಕಥೆಯ ವೀರನನ್ನು ಎದುರಿಸಿದರೆ ಗೆಲುವು ಯಾರದು? ಈ ಪ್ರಶ್ನೆಯು ಬಾಲಕರಿಗೆ ಎಷ್ಟು ಪ್ರಿಯವೋ, ನಮ್ಮ ಸಾಹಿತ್ಯದಲ್ಲಿ ಅಷ್ಟೇ ಪುರಾತನವಾದುದು. ರಾಮಾಯಣದ ಜಾಂಬವಂತನು ಭಾಗವತದ ಕಥೆಯಲ್ಲಿ ಸ್ಯಮಂತಕಮಣಿಯ ನಿಮಿತ್ತ ಶ್ರೀಕೃಷ್ಣನೊಡನೆ 28 ದಿನಗಳ ಕಾಲ ಹೋರಾಡುತ್ತಾನೆ. ನಮ್ಮ ಯಕ್ಷಗಾನ ತಾಳಮದ್ದಳೆಗಳಲ್ಲಿ 'ಜಾಂಬವತೀ ಕಲ್ಯಾಣ' ಪ್ರಸಂಗದ ಹುರುಳು ಇದೇ. 'ಶರಸೇತು ಬಂಧನ'ದಲ್ಲಿ ಭಾರತದ ಅರ್ಜುನನು ಬಾಣಗಳಿಂದ ಸೇತುವೆಯನ್ನು ಕಟ್ಟುತ್ತಾನೆ. ರಾಮಾಯಣದ ಹನುಮಂತನು ಅದನ್ನು ಪರೀಕ್ಷಿಸುತ್ತಾನೆ. ಎರಡು ಯುಗಗಳ ವೀರರು ಒಂದೇ ರಂಗಸ್ಥಳದಲ್ಲಿ ನಿಂತು ವಾದಿಸುವುದನ್ನು ಕೇಳಲೆಂದೇ ಜನರು ರಾತ್ರಿಯೆಲ್ಲ ನಿದ್ದೆಗೆಟ್ಟು ಕುಳಿತಿರುವುದುಂಟು.

ಈ ಹಳೆಯ ಕುತೂಹಲವೇ ನಮ್ಮ ಕಾಲದಲ್ಲಿ ವಿಡಿಯೋ ಆಟದ ರೂಪವನ್ನು ತಾಳಿದೆ. ಬೇರೆಬೇರೆ ಕಥೆಗಳ ಪಾತ್ರಗಳನ್ನು ಒಂದುಗೂಡಿಸುವ ಇಂತಹ ಕೃತಿಯನ್ನು 'ಕ್ರಾಸೋವರ್' ಎನ್ನುತ್ತಾರೆ. ನಾವು ಅದನ್ನು 'ಕಥಾಸಂಗಮ'ವೆಂದು ಕರೆಯಬಹುದು. ಆಡುವವನು ಆರಿಸಿಕೊಳ್ಳತಕ್ಕ ವೀರರ ಸಮೂಹಕ್ಕೆ 'ರೋಸ್ಟರ್' ಎಂದು ಹೆಸರು, ಅದು ಪಾತ್ರಪಟ್ಟಿ. 'ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್' ಎಂಬ ಪ್ರಸಿದ್ಧ ಮಾಲೆಯನ್ನು ಉದಾಹರಣೆಯಾಗಿಟ್ಟುಕೊಂಡು, ಪಾತ್ರಪಟ್ಟಿಯು ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಯಾವಾಗ ಕೆಡುತ್ತದೆ ಎಂಬುದನ್ನು ವಿಚಾರಿಸೋಣ.

ಮಾರ್ವೆಲ್ ಎಂಬುದು ಅಮೆರಿಕದ ಚಿತ್ರಕಥೆಗಳ ಪ್ರಕಾಶನ ಸಂಸ್ಥೆ. 1941ರಲ್ಲಿ ಹುಟ್ಟಿದ ಕ್ಯಾಪ್ಟನ್ ಅಮೆರಿಕ, 1962ರಲ್ಲಿ ಹುಟ್ಟಿದ ಸ್ಪೈಡರ್‌ಮ್ಯಾನ್ ಮೊದಲಾದವರು ಅದರ ವೀರರು. ಕ್ಯಾಪ್‌ಕಾಮ್ ಜಪಾನಿನ ಓಸಾಕಾ ನಗರದ ಸಂಸ್ಥೆ. 1987ರಲ್ಲಿ ಮೊದಲು ಬಂದು, 1991ರ ಎರಡನೆಯ ಭಾಗದಿಂದ ಜಗತ್ಪ್ರಸಿದ್ಧವಾದ 'ಸ್ಟ್ರೀಟ್ ಫೈಟರ್' ಆಟವು ಅದರದು. 1994ರಲ್ಲಿ ಕ್ಯಾಪ್‌ಕಾಮ್ ಮಾರ್ವೆಲ್‌ನ ಎಕ್ಸ್‌ಮೆನ್ ಬಳಗವನ್ನು ಕುರಿತು ಒಂದು ಆಟವನ್ನು ರಚಿಸಿತು. ಅದರಲ್ಲಿ ಸ್ಟ್ರೀಟ್ ಫೈಟರಿನ ಅಕುಮಾ ಎಂಬ ಯೋಧನನ್ನು ಗುಪ್ತಪಾತ್ರವಾಗಿ ಅಡಗಿಸಿಡಲಾಗಿತ್ತು. ಸಂಗಮದ ಬೀಜವು ಅಲ್ಲಿಯೇ ಬಿದ್ದಿತೆನ್ನಬಹುದು. 1996ರಲ್ಲಿ ಎಕ್ಸ್‌ಮೆನ್ ಬಳಗವೂ ಸ್ಟ್ರೀಟ್ ಫೈಟರ್ ಬಳಗವೂ ಬಹಿರಂಗವಾಗಿ ಎದುರುಬದುರಾದುವು. ಇಬ್ಬಿಬ್ಬರ ಜೋಡಿಯಾಗಿ ಬಂದು, ಕಾಳಗದ ನಡುವೆಯೇ ಒಬ್ಬನು ಹಿಂದೆ ಸರಿದು ಇನ್ನೊಬ್ಬನು ಮುಂದೆ ಬರುವ ಕ್ರಮವು ಈ ಆಟದಿಂದ ಆರಂಭವಾಯಿತು.

1998ರಲ್ಲಿ ಮಾಲೆಯು ಈಗಿನ ಹೆಸರನ್ನು ಪಡೆದಾಗ ಪ್ರಧಾನ ಪಾತ್ರಗಳು 15 ಮಾತ್ರ. 2000ದ ಎರಡನೆಯ ಭಾಗದಲ್ಲಿ ಈ ಸಂಖ್ಯೆ 56ಕ್ಕೇರಿತು. ಎರಡು ಪಕ್ಷಗಳಿಗೂ 28ರಂತೆ ಸಮಪಾಲು. ಜೋಡಿಯ ಬದಲು ಮೂವರ ತಂಡವೂ ಬಂದಿತು. 2011ರ ಮೂರನೆಯ ಭಾಗದಲ್ಲಿ 36 ಮಂದಿ ಇದ್ದರು. ಅದೇ ವರ್ಷ ಪರಿಷ್ಕೃತ ಆವೃತ್ತಿಯಲ್ಲಿ 12 ಮಂದಿ ಹೊಸಬರು ಸೇರಿದರು.

ಇಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಪರ್ವತದಂತಹ ಹಲ್ಕ್‌ನೆದುರು ಸಾಧಾರಣ ಮೈಕಟ್ಟಿನ ಮನುಷ್ಯನು ನಿಲ್ಲುವುದೆಂತು? ಇದಕ್ಕೆ ಉತ್ತರವು ಲೆಕ್ಕದಲ್ಲಿದೆ. ಮೂರನೆಯ ಭಾಗದಲ್ಲಿ ಪ್ರತಿಯೊಬ್ಬನಿಗೂ ಪೆಟ್ಟು ತಾಳುವ ಶಕ್ತಿಯನ್ನು ಅಂಕಿಗಳಲ್ಲಿ ಗೊತ್ತುಮಾಡಿದ್ದಾರೆ. ಹಲ್ಕ್‌ಗೆ 12 ಲಕ್ಷ, ರ್‍ಯುಗೆ 10 ಲಕ್ಷ, ಅಕುಮಾಗೆ 8 ಲಕ್ಷ. ಹಲ್ಕ್‌ನ ಶರೀರ ದೊಡ್ಡದು. ಆದುದರಿಂದ ಅವನಿಗೆ ಪೆಟ್ಟು ತಗಲುವುದೂ ಸುಲಭ. ಅಕುಮಾ ಚುರುಕಾಗಿ ದಾಳಿಮಾಡಬಲ್ಲನು. ಆದರೆ ಬೇಗ ಬೀಳುತ್ತಾನೆ. ತೆರೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಹಾಯುತ್ತವೆ. ಯಾವ ಹೊಡೆತವು ಎಷ್ಟನೆಯ ಚಿತ್ರದಲ್ಲಿ ತಗಲಬೇಕೆಂಬುದನ್ನು ಕೂಡ ರಚನಕಾರರು ಎಣಿಸಿಡುತ್ತಾರೆ. ಒಬ್ಬನ ಕೊರತೆಯನ್ನು ಇನ್ನೊಂದು ಗುಣದಿಂದ ತುಂಬಿಕೊಡುವ ಈ ತಕ್ಕಡಿಯ ನ್ಯಾಯವೇ ಪಾತ್ರಪಟ್ಟಿಯ ಪ್ರಾಣ. ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕಹೊಯ್ದರೆ ಸಮತೆಯೇನೋ ದೊರೆಯುತ್ತದೆ. ಆದರೆ ಆಡುವ ಸ್ವಾರಸ್ಯವೇ ಹೋಗಿಬಿಡುತ್ತದೆ.

ಇನ್ನು ಪಟ್ಟಿಯು ಕೆಟ್ಟ ಪ್ರಸಂಗ. 2017ರಲ್ಲಿ 'ಇನ್ಫಿನಿಟ್' ಎಂಬ ಹೆಸರಿನ ಹೊಸ ಭಾಗವು 30 ಪಾತ್ರಗಳೊಡನೆ ಹೊರಬಂದಿತು. ಮಾಲೆಗೆ ಬುನಾದಿಯಾಗಿದ್ದ ಎಕ್ಸ್‌ಮೆನ್ ಬಳಗದ ಒಬ್ಬನಿಗೂ ಅದರಲ್ಲಿ ಸ್ಥಾನವಿರಲಿಲ್ಲ. ಅಭಿಮಾನಿಗಳು ಆಕ್ಷೇಪಿಸಿದಾಗ ರಚನಕಾರರ ಕಡೆಯವರು ಒಂದು ಸಮಾಧಾನವನ್ನು ಹೇಳಿದರು: ಪಾತ್ರಗಳೆಂದರೆ ಕೆಲವು ಕಾರ್ಯಗಳ ಗಂಟು, ಮ್ಯಾಗ್ನೆಟೋ ಎಂಬವನು ಜನರಿಗೆ ಪ್ರಿಯನಾದದ್ದು ಎಂಟು ದಿಕ್ಕಿಗೂ ನುಗ್ಗಬಲ್ಲ ಚಲನೆಯಿಂದ, ಅದೇ ಚಲನೆಯನ್ನು ಬಲ್ಲ ಬೇರೊಬ್ಬನು ಈಗ ಇದ್ದಾನಲ್ಲ ಎಂಬುದು ಅದರ ಸಾರ. ಆಡುವವರು ಈ ಮಾತನ್ನು ಒಪ್ಪಲಿಲ್ಲ. ಅದನ್ನು ಬಹುಕಾಲ ಗೇಲಿಮಾಡಿದರು. ಅವರು ಬಯಸಿದ್ದು ಚಲನೆಯೊಂದನ್ನೇ ಅಲ್ಲ. ಆ ಹೆಸರು, ಆ ದನಿ, ಆ ಕಥೆಗಳನ್ನೂ ಕೂಡ. ಹಳೆಯ ಭಾಗಗಳಿಗೆ ಇಂದಿಗೂ ಆದರವಿದೆ. 2024ರಲ್ಲಿ ಏಳು ಹಳೆಯ ಆಟಗಳನ್ನು ಒಂದೇ ಸಂಪುಟವಾಗಿ ಕೂಡಿಸಿ ಮರಳಿ ಪ್ರಕಟಿಸಿದುದು ಇದಕ್ಕೆ ಸಾಕ್ಷಿ.

ಈ ಪಟ್ಟಿಯಲ್ಲಿ ನಮ್ಮ ದೇಶದವನೂ ಒಬ್ಬನಿದ್ದಾನೆ. ಅವನು 1991ರಲ್ಲಿ ಹುಟ್ಟಿದ ಧಾಲ್ಸಿಂ. ಕೈಕಾಲುಗಳನ್ನು ಮಾರುದ್ದ ನೀಡಬಲ್ಲ, ಬಾಯಿಂದ ಬೆಂಕಿಯನ್ನು ಉಗುಳಬಲ್ಲ, ಕೊರಳಲ್ಲಿ ತಲೆಬುರುಡೆಗಳನ್ನು ಧರಿಸಿದ ಯೋಗಿ. ಇಂತಹ ಯೋಗಿಯನ್ನು ನಾವು ನೀವು ಯಾವ ಊರಿನಲ್ಲಿ ಕಂಡಿದ್ದೇವೆ? ದೂರದಲ್ಲಿ ಕುಳಿತವರು ನಮ್ಮನ್ನು ಚಿತ್ರಿಸಿದರೆ ಹೀಗೆಯೇ ಆಗುತ್ತದೆ. ಅದಕ್ಕಾಗಿ ಅವರ ಮೇಲೆ ಕೋಪಿಸಿಕೊಂಡು ಫಲವಿಲ್ಲ. ನಮ್ಮ ಚಿತ್ರವನ್ನು ನಾವೇ ಬರೆಯುವುದನ್ನು ಕಲಿಯಬೇಕು. 2009ರಲ್ಲಿ ನಮ್ಮ ಈ ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಸಂಸ್ಥೆಯು ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ಬಾಲಹನುಮಂತನ ಆಟವೊಂದನ್ನು ರಚಿಸಿತು. ದೊಡ್ಡ ಮಾಲೆಗಳ ಮುಂದೆ ಅದು ಚಿಕ್ಕದೇ ಇರಬಹುದು. ಆದರೂ ದಾರಿಯು ಇದೇ ಊರಿನಿಂದ ಹೊರಟಿತೆಂಬುದನ್ನು ಮರೆಯಬಾರದು.

ವಿದ್ಯಾರ್ಥಿಗಳೇ, ನಾವು ಬಾಳುತ್ತಿರುವ ಮಿಯಾಪುರವೂ ಒಂದು ಕಥಾಸಂಗಮವೇ. ಮುಂಬಯಿ ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿದರೆ ಜಹೀರಾಬಾದನ್ನು ದಾಟಿ ಹುಮನಾಬಾದನ್ನು ಸೇರುತ್ತೇವೆ. ಅದೇ ದಾರಿಯಲ್ಲಿ ಬೀದರ, ಕಲಬುರಗಿಗಳ ಕಡೆಯಿಂದ ಕೆಲಸವನ್ನರಸಿ ನಮ್ಮಂತಹವರು ಬಂದಿದ್ದೇವೆ. 2017ರಲ್ಲಿ ಇಲ್ಲಿಂದ ಹೊರಟ ಮೆಟ್ರೋ ರೈಲಿನಲ್ಲಿ ತೆಲುಗು, ಉರ್ದು, ಹಿಂದಿ, ಕನ್ನಡಗಳು ಒಂದೇ ಬೆಂಚಿನ ಮೇಲೆ ಕುಳಿತು ಪ್ರಯಾಣ ಮಾಡುತ್ತವೆ. ನಗರವು ಅವಸರದ್ದು, ಅದು ಮನುಷ್ಯನನ್ನು ಅವನ ಕೆಲಸದಿಂದಲೇ ಗುರುತಿಸುತ್ತದೆ. ಇವನು ಗಾರೆಯವನು, ಇವನು ಡ್ರೈವರು, ಇವನು ಕಂಪ್ಯೂಟರಿನವನು ಎನ್ನುತ್ತದೆ. ಒಬ್ಬನು ಹೋದರೆ ಅದೇ ಕೆಲಸವನ್ನು ಬಲ್ಲ ಇನ್ನೊಬ್ಬನು ಬಂದನೆಂದು ಸುಮ್ಮನಾಗುತ್ತದೆ. ಮ್ಯಾಗ್ನೆಟೋನನ್ನು ಕುರಿತು ಆಡಿದ ಮಾತು ಇದಕ್ಕಿಂತ ಬೇರೆಯೇ?

ಕನ್ನಡ ಶಾಲೆಯಲ್ಲಿ ಓದಿ ಈ ಊರಿನಲ್ಲಿ ಏನಾಗುವಿರಿ ಎಂದು ಕೆಲವರು ನಿಮ್ಮನ್ನು ಕೇಳುತ್ತಾರೆ. ಮನೆಯಲ್ಲಿ ತಂದೆತಾಯಿಗಳೂ ಈ ಚಿಂತೆಯಿಂದ ಕೊರಗುವುದುಂಟು. ಚಿಂತೆಯು ನಿರಾಧಾರವಾದುದೆಂದು ನಾವು ಹೇಳಲಾರೆವು. ಕಣಕ್ಕಿಳಿಯುವವನು ಕಣದ ನಿಯಮವನ್ನು ಅರಿತಿರಬೇಕು. ತೆಲುಗನ್ನು ಚೆನ್ನಾಗಿ ಕಲಿಯಿರಿ, ಇಂಗ್ಲಿಷನ್ನು ಶ್ರದ್ಧೆಯಿಂದ ಕಲಿಯಿರಿ, ಲೆಕ್ಕವನ್ನು ಬಿಡಬೇಡಿರಿ. ಆದರೆ ಹನುಮಂತನು ಅರ್ಜುನನ ಎದುರಿಗೆ ಬಿಲ್ಲು ಹಿಡಿದು ಬರಲಿಲ್ಲ. ತನ್ನ ಬಾಲವನ್ನೂ ತನ್ನ ರಾಮನಾಮವನ್ನೂ ತೆಗೆದುಕೊಂಡೇ ಬಂದನು. ಹೊಸ ಕಣದಲ್ಲಿ ನಿಲ್ಲಲು ಹೊಸ ವರಸೆಗಳು ಬೇಕು. ನಿಂತವನು ಇಂಥವನೆಂದು ತಿಳಿಯಲು ಅವನ ಕಥೆಯೂ ಬೇಕು. ನಿಮ್ಮ ಕಥೆಯು ಇರುವುದು ಕನ್ನಡದಲ್ಲಿ.

ಅಭ್ಯಾಸ

1. 1998, 2000, 2011 (ಪರಿಷ್ಕೃತ ಆವೃತ್ತಿಯನ್ನು ಬಿಟ್ಟು) ಮತ್ತು 2017ರ ಪಾತ್ರಗಳ ಸಂಖ್ಯೆಯನ್ನು ರೇಖಾಚಿತ್ರದಲ್ಲಿ ತೋರಿಸಿರಿ.
2. 'ಪಾತ್ರವೆಂದರೆ ಕಾರ್ಯಗಳ ಗಂಟು' ಎಂಬ ಮಾತನ್ನು ಖಂಡಿಸಿ ಅಥವಾ ಸಮರ್ಥಿಸಿ ಹತ್ತು ವಾಕ್ಯಗಳನ್ನು ಬರೆಯಿರಿ.
3. ನಿಮ್ಮ ಊರಿನ ಕಥೆಯಿಂದ ಒಬ್ಬ ವೀರನನ್ನೋ ವೀರಳನ್ನೋ ಆರಿಸಿ, ಆಟದ ಪಾತ್ರಪಟ್ಟಿಗೆ ಸೇರಿಸಿರಿ. ಆ ಪಾತ್ರದ ಬಲವೇನು, ಕೊರತೆಯೇನು, ಆಡುವ ಮಾತೇನು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆಯಿರಿ.