ಗರ್ಭಕಂಠದ ಲೋಳೆ ಮತ್ತು ಸಂತಾನ



ಮದುವೆಯಾಗಿ ವರುಷಗಳು ಕಳೆದರೂ ಮಡಿಲು ತುಂಬದಿದ್ದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಸೊಸೆಯೊಬ್ಬಳನ್ನೇ ದೂಷಿಸುವುದುಂಟು. ಇದು ಅನ್ಯಾಯ. ಗರ್ಭ ನಿಲ್ಲಲು ಪತಿಯ ವೀರ್ಯಾಣುವೂ ಪತ್ನಿಯ ಅಂಡಾಣುವೂ ಕೂಡಬೇಕು. ಇವೆರಡರ ನಡುವಿನ ಬಾಗಿಲು ಗರ್ಭಕಂಠ. ಆ ಬಾಗಿಲನ್ನು ತೆರೆಯುವುದೂ ಮುಚ್ಚುವುದೂ ಅಲ್ಲಿ ಒಸರುವ ಲೋಳೆ.

ಲೋಳೆಯ ಕಾರ್ಯ

ತಿಂಗಳ ಬಹುಪಾಲು ದಿನಗಳಲ್ಲಿ ಈ ಲೋಳೆಯು ಗಟ್ಟಿಯಾಗಿ, ಅಂಟಾಗಿ ಇರುತ್ತದೆ. ಇಳಕಲ್ಲಿನ ಮಗ್ಗದಲ್ಲಿ ಹಾಸುಹೊಕ್ಕಾಗಿ ಬಿಗಿದು ನೇಯ್ದ ಬಟ್ಟೆಯಂತೆ ಅದು ವೀರ್ಯಾಣುಗಳನ್ನು ತಡೆಯುತ್ತದೆ. ಅಂಡಾಣು ಬಿಡುಗಡೆಯಾಗುವುದಕ್ಕೆ ಮುಂಚಿನ ಕೆಲವು ದಿನಗಳಲ್ಲಿ ಮಾತ್ರ ಅದು ತೆಳುವಾಗಿ, ತಿಳಿಯಾಗಿ, ಕೋಳಿಮೊಟ್ಟೆಯ ಬಿಳಿಯಂತೆ ಎಳೆಯೆಳೆಯಾಗಿ ಬರುತ್ತದೆ. ಬೆದೆಗೆ ಬಂದ ಆಕಳಲ್ಲಿಯೂ ತಿಳಿಲೋಳೆಯನ್ನು ನೀವು ಕಂಡಿರುವಿರಿ. ಪ್ರಕೃತಿಯ ನಿಯಮ ಒಂದೇ.

ಯೋನಿಯೊಳಗಿನ ಆಮ್ಲದಲ್ಲಿ ವೀರ್ಯಾಣುಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ತಿಳಿಲೋಳೆಯ ಆಶ್ರಯ ದೊರೆತರೆ 5 ದಿನಗಳವರೆಗೂ ಬದುಕಬಲ್ಲವು. ಅಂಡಾಣುವಿನ ಆಯುಷ್ಯವಾದರೋ ಸುಮಾರು ಒಂದೇ ದಿನ. ಆದುದರಿಂದ ಸಂತಾನವನ್ನು ಬಯಸುವವರು ತಿಳಿಲೋಳೆ ಕಾಣುವ ದಿನಗಳಲ್ಲಿ ದಿನ ಬಿಟ್ಟು ದಿನವಾದರೂ ಕೂಡುವುದು ಉತ್ತಮ.

ಇದನ್ನು ಗುರುತಿಸುವುದು ಕಷ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 5 ದೇಶಗಳಲ್ಲಿ ನಡೆಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮ ಬೆಂಗಳೂರೂ ಸೇರಿತ್ತು. ಅದರಲ್ಲಿ ಪಾಲ್ಗೊಂಡ 869 ಸ್ತ್ರೀಯರಲ್ಲಿ ಓದುಬರಹ ಬಾರದವರೂ ಇದ್ದರು. ಆದರೂ ನೂರಕ್ಕೆ ಸುಮಾರು 93 ಮಂದಿ ಮೊದಲ ಋತುಚಕ್ರದಲ್ಲಿಯೇ ಲೋಳೆಯ ಬದಲಾವಣೆಯನ್ನು ಗುರುತಿಸಿದರು.

ಬದಲಿ ವಸ್ತುಗಳು

ವೀರ್ಯಾಣುಗಳ ಚಲನೆಯನ್ನು ಪರೀಕ್ಷಿಸಲು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಆಕಳ ಲೋಳೆಯನ್ನೂ ಮೊಟ್ಟೆಯ ಬಿಳಿಯನ್ನೂ ಬಳಸಿದ್ದುಂಟು. ಅದನ್ನು ಕೇಳಿ ಮನೆಯಲ್ಲಿ ಇಂತಹ ಯಾವ ವಸ್ತುವನ್ನೂ ಯೋನಿಯೊಳಗೆ ಹಾಕಬೇಡಿರಿ, ಸೋಂಕು ತಗಲೀತು. ಜಾರಿಕೆಗೆಂದು ಹಚ್ಚುವ ಜೊಲ್ಲು ಹಾಗೂ ಅಂಗಡಿಯ ಅನೇಕ ಲೇಪನಗಳು ವೀರ್ಯಾಣುಗಳ ಓಟವನ್ನು ಕುಂದಿಸುತ್ತವೆ. ಸಂತಾನ ಬೇಕೆನ್ನುವವರು ಅವುಗಳನ್ನು ಬಿಡುವುದು ಲೇಸು. ಹಾಗೆಂದು ಅವು ಗರ್ಭವನ್ನು ತಡೆಯುವ ಸಾಧನಗಳೂ ಅಲ್ಲ.

ಅಂತರ ಬಯಸುವವರಿಗೆ

3 ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಮತ್ತು ನುಂಗುವ ಗುಳಿಗೆಗಳು ಈ ಲೋಳೆಯನ್ನು ಗಟ್ಟಿಗೊಳಿಸಿಯೂ ಗರ್ಭವನ್ನು ತಡೆಯುತ್ತವೆ. ಕೇವಲ ಲೋಳೆ ನೋಡಿ ದಿನ ಎಣಿಸುವುದನ್ನೇ ನಂಬಬೇಡಿರಿ. ಹಾಗೆ ನಂಬಿದ ಅನೇಕರಿಗೆ ಬಯಸದ ಗರ್ಭ ನಿಂತಿದೆ.

ಇಬ್ಬರೂ ಬನ್ನಿರಿ

ಒಂದು ವರುಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ, ಪತ್ನಿಗೆ 35 ದಾಟಿದ್ದಲ್ಲಿ 6 ತಿಂಗಳಿಗೇ, ಪತಿಪತ್ನಿಯರಿಬ್ಬರೂ ವೈದ್ಯರನ್ನು ಕಾಣಿರಿ. ಸ್ರಾವದಲ್ಲಿ ದುರ್ವಾಸನೆ, ತುರಿಕೆ ಕಂಡರೆ ತಡಮಾಡಬೇಡಿರಿ. ಬಾದಾಮಿ, ಹುನಗುಂದ, ಇಳಕಲ್ಲಿನವರು ಮೊದಲು ಸಮೀಪದ ಸರಕಾರಿ ಆಸ್ಪತ್ರೆಗೆ ಬಂದು, ಅಗತ್ಯವಿದ್ದರೆ ಬಾಗಲಕೋಟೆಗೆ ಹೋಗಬಹುದು. ಪತಿಯ ವೀರ್ಯಪರೀಕ್ಷೆ ಸುಲಭವಾದುದು, ನೋವಿಲ್ಲದ್ದು. ಅದು ಆಗುವ ಮೊದಲೇ ಪತ್ನಿಯನ್ನು ಬಂಜೆಯೆಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ.