ಗಾಂಜಾದ ಬಲವೂ ಮನಸ್ಸಿನ ಸ್ವಾಸ್ಥ್ಯವೂ

ಐವರ್ನಾಡಿನ ಅಡಕೆತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವರು 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತನ್ನು ತೂಗಿಯೇ ಹಾಕುವರು. ದ್ರಾವಣದ ಬಲವನ್ನರಿಯದೆ ಯಾರೂ ಮರವೇರರು. ಗಾಂಜಾದ ವಿಷಯದಲ್ಲಿ ಮಾತ್ರ, ‘ಎಲ್ಲವೂ ಒಂದೇ ಸೊಪ್ಪು’ ಎಂಬ ಮಾತನ್ನು ವಿದ್ಯಾರ್ಥಿಗಳಿಂದಲೇ ಕೇಳುತ್ತೇವೆ. ಲೆಕ್ಕ ಮಾಡಿ ನೋಡೋಣ.

ಗಾಂಜಾದ ಅಮಲಿಗೆ ಕಾರಣವಾದ ಟಿ.ಎಚ್.ಸಿ. ಎಂಬ ವಸ್ತುವನ್ನು 1964ರಲ್ಲಿ ಇಸ್ರೇಲಿನ ಗಾವೋನಿ ಮತ್ತು ಮೆಶುಲಮ್ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅರ್ಧ ಗ್ರಾಂ ಸೊಪ್ಪಿನಲ್ಲಿ ಅದು ಶೇಕಡ 4ರಷ್ಟಿದ್ದರೆ 20 ಮಿಲಿಗ್ರಾಂ. ಶೇಕಡ 20ರಷ್ಟಿದ್ದರೆ 100 ಮಿಲಿಗ್ರಾಂ. ಸೊಪ್ಪಿನ ತೂಕ ಅಷ್ಟೇ, ಅಮಲಿನ ವಸ್ತು ಐದುಮಡಿ! ಮಣ್ಣಿಲ್ಲದೆ ಪೋಷಕ ದ್ರಾವಣದಲ್ಲಿ ಬೆಳೆಸಿದ ಗಾಂಜಾ, ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಪದೇಪದೇ ಸಿಕ್ಕಿಬೀಳುತ್ತಿರುವುದು, ಸಾಮಾನ್ಯವಾಗಿ ಇಂತಹ ಹೆಚ್ಚು ಬಲದ್ದು.

ಯೂರೋಪು ಮತ್ತು ಬ್ರೆಜಿಲಿನ 11 ಸ್ಥಳಗಳ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಶೇಕಡ 10 ಅಥವಾ ಮೇಲ್ಪಟ್ಟ ಬಲದ ಗಾಂಜಾವನ್ನು ದಿನವೂ ಬಳಸುವವರಲ್ಲಿ ಚಿತ್ತವಿಕಲತೆಯ ಸಂಭವ, ಎಂದೂ ಬಳಸದವರಿಗಿಂತ ಸುಮಾರು ಐದುಪಟ್ಟು ಹೆಚ್ಚೆಂದು ಅದರಲ್ಲಿ ಕಂಡುಬಂದಿತು. (ಮೇಲಿನ ಲೆಕ್ಕದ ಐದಕ್ಕೂ ಇದಕ್ಕೂ ನಂಟಿಲ್ಲ, ಕಾಕತಾಳೀಯವಷ್ಟೆ.) ಸೇದಿದವರೆಲ್ಲ ಬುದ್ಧಿಭ್ರಮಣೆಗೊಳ್ಳುವರೆಂದು ಇದರರ್ಥವಲ್ಲ. ಆದರೆ ಅಪಾಯಕ್ಕೆ ಒಳಗಾಗುವವರಾರೆಂಬುದನ್ನು ಮೊದಲೇ ತಿಳಿಸುವ ಮಾಪಕ ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ.

ಇಲ್ಲದ ಧ್ವನಿಯನ್ನು ಕೇಳುವುದು, ಮನೆಯವರನ್ನೇ ಶಂಕಿಸುವುದು ಮೊದಲಾದ ಲಕ್ಷಣಗಳು ಗೆಳೆಯನಲ್ಲಿ ತೋರಿದರೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.