ಸಾರಿಗೆ ಮುಷ್ಕರ ಮತ್ತು ಸಾರ್ವಜನಿಕರು

ಅನ್ನ, ಬಟ್ಟೆ, ವಸತಿಗಳ ನಂತರ ಇಂದಿನ ಮನುಷ್ಯನಿಗೆ ಅತ್ಯಗತ್ಯವಾದುದು ಸಂಚಾರ ಸೌಕರ್ಯ. ಹಳ್ಳಿಗಳಿಂದ ಕಾಲೇಜಿಗೆ ಬರುವ ನಮ್ಮಂಥ ವಿದ್ಯಾರ್ಥಿಗಳಿಗಂತೂ ಬಸ್ಸೇ ವಿದ್ಯೆಯ ಮೊದಲ ಬಾಗಿಲು ಎಂದರೆ ಅತಿಶಯೋಕ್ತಿಯಾಗಲಾರದು. ಮುಷ್ಕರದ ದೆಸೆಯಿಂದ ಆ ಬಾಗಿಲು ಮುಚ್ಚಿದಾಗ ಜನರಿಗೆ ಕೋಪ ಬರುವುದು ಸಹಜ. ಆದರೆ ಆ ಕೋಪ ಯಾರ ಮೇಲೆ? ಅದು ಎಷ್ಟರ ಮಟ್ಟಿಗೆ ನ್ಯಾಯವಾದುದು? ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಈ ಪ್ರಶ್ನೆಯನ್ನು ನನ್ನ ಅಲ್ಪಮತಿಗೆ ತೋರಿದಂತೆ ಇಲ್ಲಿ ವಿವೇಚಿಸಲು ಯತ್ನಿಸಿದ್ದೇನೆ.

ಮೊದಲು ಸ್ವಲ್ಪ ಇತಿಹಾಸ. ಹಳೆಯ ಮೈಸೂರಿನಲ್ಲಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. 1997ರಲ್ಲಿ ಬೆಂಗಳೂರು ಮತ್ತು ವಾಯವ್ಯ ಭಾಗಗಳೂ 2000ದಲ್ಲಿ ಈಶಾನ್ಯ ಭಾಗವೂ ಬೇರೆಯಾಗಿ, ಈಗ ರಾಜ್ಯದಲ್ಲಿ ನಾಲ್ಕು ನಿಗಮಗಳಿವೆ. ಇಲಾಖೆ ನಿಗಮವಾದ ಈ ಹಳೆಯ ಸಂಗತಿಯನ್ನು ನೆನೆಯಲು ಕಾರಣವುಂಟು. 2020ರ ಡಿಸೆಂಬರಿನಲ್ಲಿ ನೌಕರರು ಕೆಲಸ ನಿಲ್ಲಿಸಿದಾಗ ಅವರ ಮುಖ್ಯ ಬೇಡಿಕೆ, ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಬೇಕೆಂಬುದೇ ಆಗಿತ್ತು. 2021ರ ಏಪ್ರಿಲ್ 7ರಿಂದ ಆರನೆಯ ವೇತನ ಆಯೋಗಕ್ಕೆ ಅನುಗುಣವಾದ ಸಂಬಳ ಬೇಕೆಂದು ಮತ್ತೆ ಮುಷ್ಕರ ಹೂಡಿದರು. ಸರ್ಕಾರ ಖಾಸಗಿ ಬಸ್ಸುಗಳಿಗೆ ನಿಲ್ದಾಣಗಳನ್ನು ತೆರೆದುಕೊಟ್ಟಿತು. ಹದಿನೈದು ದಿನಗಳ ಬಳಿಕ, ಉಚ್ಚ ನ್ಯಾಯಾಲಯದ ಸೂಚನೆಯ ಮೇರೆಗೆ, ಬೇಡಿಕೆ ಈಡೇರದೆಯೇ ಮುಷ್ಕರ ನಿಂತಿತು. 2025ರ ಆಗಸ್ಟ್ 5ರಂದು 38 ತಿಂಗಳ ವೇತನ ಬಾಕಿಗಾಗಿ ಮತ್ತೊಮ್ಮೆ ಬಸ್ಸುಗಳು ನಿಂತವು. ಅದೂ ನ್ಯಾಯಾಲಯದ ಮಧ್ಯಪ್ರವೇಶದಿಂದ ಅದೇ ದಿನ ಮುಂದಕ್ಕೆ ಹೋಯಿತು.

ಇಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ಕಾರ್ಖಾನೆಯ ಮುಷ್ಕರದಲ್ಲಿ ಮಾಲೀಕ ಮತ್ತು ಕಾರ್ಮಿಕ ಎಂಬ ಎರಡೇ ಪಕ್ಷಗಳು. ನೂಲಿನ ಗಿರಣಿ ಹದಿನೈದು ದಿನ ನಿಂತರೆ ಮಾಲೀಕನ ಲಾಭಕ್ಕೆ ಪೆಟ್ಟು. ಬಟ್ಟೆ ಕೊಳ್ಳುವವನು ಅಂಗಡಿಯ ದಾಸ್ತಾನಿನಿಂದ ಕೊಳ್ಳುತ್ತಾನೆ. ಸಾರಿಗೆ ಹಾಗಲ್ಲ. ಪ್ರಯಾಣವನ್ನು ದಾಸ್ತಾನು ಮಾಡಿಡಲು ಬರುವುದಿಲ್ಲ. ಬೆಳಗಿನ ಎಂಟು ಗಂಟೆಯ ಬಸ್ಸು ಇಲ್ಲದೆ ಪರೀಕ್ಷೆ ತಪ್ಪಿದವನಿಗೆ ನಾಳೆ ಎರಡು ಬಸ್ಸು ಬಿಟ್ಟರೂ ಫಲವಿಲ್ಲ. ಪೆಟ್ಟು ಬೀಳುವುದು ಮೂರನೆಯವನಾದ ಪ್ರಯಾಣಿಕನಿಗೆ. ಅದೂ ಸ್ವಂತ ವಾಹನವಿಲ್ಲದ ಕೂಲಿಯವರು, ರೋಗಿಗಳು, ವಿದ್ಯಾರ್ಥಿಗಳು, 2023ರ ಜೂನ್ 11ರಿಂದ ಶಕ್ತಿ ಯೋಜನೆಯನ್ನು ನಂಬಿ ದೂರದ ಕೆಲಸ ಹಿಡಿದ ಹೆಂಗಸರು ಮೊದಲಾದವರಿಗೆ. ಒಡೆತನ ಸರ್ಕಾರದ್ದಾದುದರಿಂದ ಸರ್ಕಾರ ಬಗ್ಗುವುದು ಜನಾಭಿಪ್ರಾಯಕ್ಕೆ. ಅರ್ಥಾತ್, ಸಾರಿಗೆ ನೌಕರನ ನಿಜವಾದ ಬಲ ಪ್ರಯಾಣಿಕನ ಸಹಾನುಭೂತಿ. ಅದು ಇಲ್ಲವಾದರೆ ಎತ್ತಿದ ಆಯುಧ ಎತ್ತಿದವನ ಮೇಲೆಯೇ ತಿರುಗುತ್ತದೆ.

ಆ ಸಹಾನುಭೂತಿ ಮುಷ್ಕರದ ದಿನ ಏಕೆ ಸಿಕ್ಕುವುದಿಲ್ಲ? ಇದಕ್ಕೆ ನನ್ನ ಅನುಭವವನ್ನೇ ಹೇಳುತ್ತೇನೆ. ಕಳೆದ ವರ್ಷ ಕಿರುಪರೀಕ್ಷೆಯ ದಿನ ನಮ್ಮೂರ ಗೇಟಿನಲ್ಲಿ ನಾವು ಏಳು ಮಂದಿ ಪಾಸಿನ ವಿದ್ಯಾರ್ಥಿಗಳು ನಿಂತಿದ್ದೆವು. ಅರ್ಧ ಖಾಲಿಯಾಗಿದ್ದ ಬಸ್ಸು ನಮ್ಮನ್ನು ನೋಡಿಯೂ ನಿಲ್ಲದೆ ಹೋಯಿತು. ಹಾಲಿನ ವ್ಯಾನು ಹತ್ತಿ ಪರೀಕ್ಷೆಗೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಬಸ್ಸು ಯಾರದು ಎಂಬುದು ಇಲ್ಲಿ ಅಪ್ರಸ್ತುತ. ಕೆಲವು ದಿನಗಳ ಮೇಲೆ ಅರಳಿಕಟ್ಟೆಯಲ್ಲಿ ಮುಷ್ಕರದ ಮಾತು ಬಂದಿತು. ಒಬ್ಬರು, ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಚಿಲ್ಲರೆ ಬಾಕಿ ಇನ್ನೂ ಬಂದಿಲ್ಲವೆಂದರು. ಇನ್ನೊಬ್ಬರು, ಮುದುಕಿ ಇಳಿಯುವ ಮೊದಲೇ ಸೀಟಿ ಊದಿದ ಕಥೆ ತೆಗೆದರು. ನಾನು ನಮ್ಮ ಪರೀಕ್ಷೆಯ ಕಥೆ ಸೇರಿಸಿದೆ. ಸರ್ಕಾರಿಯೊ ಖಾಸಗಿಯೊ ಎಂಬ ವಿವೇಚನೆ ಅಲ್ಲಿ ಯಾರಿಗೂ ಇರಲಿಲ್ಲ. ಸಂಬಳ ಎಷ್ಟು, ಬೇಡಿಕೆ ಏನು ಎಂದು ಒಬ್ಬರೂ ಕೇಳಲಿಲ್ಲ. "ಇವರಿಗೆ ಹೀಗೇ ಆಗಬೇಕು" ಎಂದು ತೀರ್ಪಾಯಿತು.

ಹಬ್ಬಕ್ಕೆ ಬಂದಿದ್ದ ನನ್ನ ಸೋದರಮಾವನವರ ಮುಂದೆ ಇದನ್ನು ಹೇಳಿದೆ. ಅವರು ಬೇರೆ ಜಿಲ್ಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಕಂಡಕ್ಟರು.

"ನಿಲ್ಲಿಸದೆ ಹೋದದ್ದು ತಪ್ಪೇ ಕಣಪ್ಪ," ಎಂದರು. "ಆದರೆ ಆ ಟ್ರಿಪ್ಪಿಗೆ ಎಷ್ಟು ನಿಮಿಷ ಕೊಟ್ಟಿದ್ದರು ಅಂತ ಯಾರಾದರೂ ಕೇಳಿದಿರಾ?"

"ನಮಗೆ ಅದು ಹೇಗೆ ಗೊತ್ತಾಗಬೇಕು ಮಾವ?"

"ಗೊತ್ತಾಗೋದಿಲ್ಲ. ನಾವೂ ಹೇಳೋದಿಲ್ಲ. ಅಲ್ಲೇ ಇರೋದು ತೊಂದರೆ."

ಆಮೇಲೆ ಅವರು ವಿವರಿಸಿದರು. ರಸ್ತೆ ಹಾಳಾಗಿರಲಿ, ಸಂತೆಯ ದಿನವಾಗಿರಲಿ, ಹಾಳೆಯಲ್ಲಿ ಬರೆದ ಹೊತ್ತಿಗೆ ಊರು ಮುಟ್ಟಬೇಕು. ತಡವಾದರೆ ಡಿಪೋದಲ್ಲಿ ಉತ್ತರ ಹೇಳಬೇಕು. ನೂಕುನುಗ್ಗಲಿನಲ್ಲಿ ಒಬ್ಬ ಟಿಕೆಟ್ಟಿಲ್ಲದೆ ಉಳಿದು ತನಿಖೆಯವರ ಕೈಗೆ ಸಿಕ್ಕರೆ ಕಂಡಕ್ಟರಿಗೂ ಮೆಮೊ. ಬೆಳಗ್ಗೆ ಹತ್ತಿದವರೆಲ್ಲರೂ ದೊಡ್ಡ ನೋಟು ಚಾಚಿದರೆ ಚಿಲ್ಲರೆ ಎಲ್ಲಿಂದ ಬರಬೇಕು? ಈಗ ಕೆಲವೆಡೆ ಮೊಬೈಲಿನಲ್ಲಿ ಹಣ ಕೊಡಬಹುದಾದುದರಿಂದ ಈ ಜಗಳ ಕಡಮೆಯಾಗಿದೆಯಂತೆ. ರಾತ್ರಿ ತಂಗುವ ಬಸ್ಸಾದರೆ ಊಟ, ನಿದ್ರೆ ಎಲ್ಲವೂ ಸಿಕ್ಕಿದಲ್ಲಿ. ಇಷ್ಟು ಹೇಳಿ ಮಾವನವರು, "ಹಾಗಂತ ಬಾಯಿಗೆ ಬಂದಂತೆ ಮಾತಾಡೋ ಹಕ್ಕು ನಮಗಿಲ್ಲ. ನನ್ನ ಬಾಯಿಂದಲೂ ಬಂದಿದೆ, ಮನೆಗೆ ಹೋದ ಮೇಲೆ ನಾಚಿಕೆಯೂ ಆಗಿದೆ" ಎಂದರು. ನಾನು ಪುಸ್ತಕದಲ್ಲಿ ಓದಿದ ಕಾರ್ಮಿಕ ಸಮಸ್ಯೆಗೆ ಅಂದು ಮುಖವೊಂದು ಕಾಣಿಸಿತು.

ಇನ್ನು ಪರಿಹಾರದ ವಿಚಾರ. ಮುಷ್ಕರವನ್ನು ಕಾನೂನಿನಿಂದ ಅಡಗಿಸಿದರಾಯಿತೆಂದು ಹಲವರ ಅಭಿಪ್ರಾಯ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ ಸಾರ್ವಜನಿಕ ಉಪಯುಕ್ತ ಸೇವೆಗಳಲ್ಲಿ ನೋಟೀಸು ಕೊಟ್ಟು 14 ದಿನ ಕಳೆಯದೆ, ಅಥವಾ ಸಂಧಾನ ನಡೆಯುತ್ತಿರುವಾಗ, ಮುಷ್ಕರ ಹೂಡುವಂತಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ನೋಟೀಸಿನ ಈ ನಿಯಮವನ್ನು ಎಲ್ಲ ಕೈಗಾರಿಕೆಗಳಿಗೂ ವಿಸ್ತರಿಸಿದೆ. ನೋಟೀಸು ಬೇಕಾದುದೇ, ಜನರಿಗೆ ಮುನ್ಸೂಚನೆಯಾದರೂ ಸಿಕ್ಕುತ್ತದೆ. ಆದರೆ ಬರಿಯ ದಂಡನೆಯಿಂದ ಕೆಲಸವಾಗದೆಂಬುದಕ್ಕೆ ನ್ಯೂಯಾರ್ಕ್ ನಗರವೇ ಸಾಕ್ಷಿ. ಅಲ್ಲಿ 1966ರ ಜನವರಿಯಲ್ಲಿ ಬಸ್ಸು, ರೈಲುಗಳು ಹನ್ನೆರಡು ದಿನ ನಿಂತುಹೋದವು. ಮರುವರ್ಷ ಬಂದ ಟೇಲರ್ ಕಾಯ್ದೆಯ ಪ್ರಕಾರ ಮುಷ್ಕರದ ಪ್ರತಿ ದಿನಕ್ಕೆ ಎರಡು ದಿನಗಳ ಸಂಬಳ ಹೋಗುತ್ತದೆ. ಹಾಗಿದ್ದೂ 2005ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹಬ್ಬದ ಮುಂಚಿನ ಚಳಿಯಲ್ಲಿ, ಮೂರು ದಿನ ಸಂಚಾರ ನಿಂತಿತು. ಜನ ಸೇತುವೆಗಳ ಮೇಲೆ ನಡೆದು ಕೆಲಸಕ್ಕೆ ಹೋದರು.

ಇದಕ್ಕೆ ಪ್ರತಿಯಾದ ಉದಾಹರಣೆ ಜಪಾನಿನದು. 2018ರ ಏಪ್ರಿಲಿನಲ್ಲಿ ಓಕಯಾಮ ನಗರದ ಬಸ್ ಕಂಪನಿಯೊಂದರ ಚಾಲಕರು ಬಸ್ಸುಗಳನ್ನು ಎಂದಿನಂತೆ ಓಡಿಸಿ, ಹಣದ ಪೆಟ್ಟಿಗೆಗೆ ಮಾತ್ರ ಬಟ್ಟೆ ಮುಚ್ಚಿ, ಯಾರಿಂದಲೂ ಕಾಸು ತೆಗೆದುಕೊಳ್ಳದೆ ಹೋದರು. ನಷ್ಟವಾದದ್ದು ಕಂಪನಿಗೆ, ಪ್ರಯಾಣಿಕನಿಗೆ ತೊಂದರೆಯಿಲ್ಲ. ಇದನ್ನು ನಮ್ಮಲ್ಲಿ ಹಾಗೆಯೇ ಅನುಸರಿಸುವುದು ಸುಲಭವಲ್ಲ. ಟಿಕೆಟ್ಟು ಕೊಡದಿರುವುದು ಕಂಡಕ್ಟರನ ಮಟ್ಟಿಗೆ ದೊಡ್ಡ ಅಪರಾಧ. ಆದರೆ ಅದರ ಹಿಂದಿನ ವಿವೇಕವನ್ನು ನಾವು ಸ್ವೀಕರಿಸಬಹುದು: ಪ್ರಯಾಣಿಕನನ್ನು ಎದುರಾಳಿಯಾಗಿ ಮಾಡಿಕೊಳ್ಳದೆ ಜೊತೆಗಾರನನ್ನಾಗಿ ಮಾಡಿಕೊಳ್ಳುವುದು.

ಆದುದರಿಂದ ನನಗೆ ತೋಚುವುದಿಷ್ಟು. ನೌಕರರ ಸಂಘಗಳು ತಮ್ಮ ಬೇಡಿಕೆಗಳನ್ನು ಮಂತ್ರಿಗಳಿಗೆ ತಿಳಿಸುವಷ್ಟೇ ಶ್ರದ್ಧೆಯಿಂದ ಪ್ರಯಾಣಿಕರಿಗೂ ತಿಳಿಸಬೇಕು. ಪರೀಕ್ಷೆಯ ದಿನಗಳನ್ನು ಬಿಟ್ಟು, ಆಸ್ಪತ್ರೆಯ ಮಾರ್ಗಗಳನ್ನು ಉಳಿಸಿ ಚಳವಳಿ ನಡೆಸಬೇಕು. ಆಡಳಿತದವರು ಓಡಲು ಸಾಧ್ಯವಾದ ವೇಳಾಪಟ್ಟಿ ಕೊಡಬೇಕು. ಮಾತುಕತೆಯನ್ನು ಬಸ್ಸು ನಿಲ್ಲುವ ಹಿಂದಿನ ದಿನದವರೆಗೆ ತಳ್ಳಬಾರದು. ನಾವು ಪ್ರಯಾಣಿಕರು ಚಿಲ್ಲರೆ ಹಿಡಿದು ಹತ್ತಬೇಕು. ಒಬ್ಬನ ಒರಟುತನಕ್ಕಾಗಿ ಸಾವಿರಾರು ಮಂದಿಯ ಸಂಬಳದ ನ್ಯಾಯವನ್ನು ಅಲ್ಲಗಳೆಯಬಾರದು.

ಕಟ್ಟೆಯ ಮೇಲೆ ಕುಳಿತವರು ತಮಗೆ ಬರಬೇಕಾದ ಬಾಕಿಯ ಮಾತಾಡುತ್ತಿದ್ದರು. ನೌಕರರು ಕೇಳುತ್ತಿದ್ದುದೂ ಬಾಕಿಯನ್ನೇ. ಎರಡು ರೂಪಾಯಿ ಬಾಕಿಗಾಗಿ ಇಡೀ ದಾರಿ ಮುನಿಸಿಕೊಂಡು ಬರುವ ನಮಗೆ, 38 ತಿಂಗಳ ಬಾಕಿಯವನ ನೋವು ತಿಳಿಯಬಾರದೇಕೆ? ಹಾಗೆಯೇ, ಆ ನೋವನ್ನು ಬಲ್ಲವನಿಗೆ ಗೇಟಿನಲ್ಲಿ ಕೈಯೊಡ್ಡಿ ನಿಂತ ವಿದ್ಯಾರ್ಥಿಯ ಕಷ್ಟ ತಿಳಿಯಬಾರದೇಕೆ? ಈ ಎರಡು ಪ್ರಶ್ನೆಗಳನ್ನು ನಾವೂ ಅವರೂ ದಿನವೂ ಕೇಳಿಕೊಂಡರೆ, ಮುಂದೊಮ್ಮೆ ಮುಷ್ಕರ ಬಂದಾಗ ಕಟ್ಟೆಯ ತೀರ್ಪು ಬೇರೆಯಾದೀತೆಂದು ನನ್ನ ನಂಬಿಕೆ.